ಸೀಲ್ ಇರುವ ನಾಣ್ಯದ ಸೆಟ್: ಬಿಚ್ಚುವ ಮೊದಲು, ಬಿಚ್ಚುವಾಗ, ಬಿಚ್ಚಿದ ಮೇಲೆ

2006ರಲ್ಲಿ ಬಸವೇಶ್ವರರ ನೆನಪಿಗೆ 100 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳು ಬಂದವು. ಬಸವನ ಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯದು, ಕೂಡಲಸಂಗಮ ಪಕ್ಕದ ಬಾಗಲಕೋಟೆಯದು. ಹಾಗಾಗಿ ಈ ಕಡೆಯ ಸಂಗ್ರಹಕಾರರಿಗೆ, ಟಂಕಸಾಲೆ ಸೀಲ್ ಮಾಡಿ ಮಾರಿದ ಆ ಸೆಟ್ ಮೇಲೆ ಉಳಿದವಕ್ಕಿಂತ ಮಮತೆ ಜಾಸ್ತಿ. ಸೀಲ್ ಒಡೆಯದೆ ವರ್ಷಗಟ್ಟಲೆ ತಿಜೋರಿಯಲ್ಲಿ ಇಟ್ಟಿರುತ್ತಾರೆ. ಒಂದು ದಿನ ಯಾವುದೋ ವಿಡಿಯೊ ನೋಡಿ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಹಿಡಿದು ಕೂರುತ್ತಾರೆ. ಆಮೇಲೆ ಫೋನ್ ಬರುತ್ತದೆ: “ಕಾಕಾ, ಮುಖದ ಬಾಜೂಕ ಒಂದು ಗೆರಿ ಕಾಣಾಕತ್ತೈತ್ರಿ. ಎರರ್ ಇರಬಹುದು. ಬಿಚ್ಚಿ ನೋಡ್ಲೇನ್ರಿ?”

ಎರರ್ ಅಂದರೆ ಟಂಕಸಾಲೆಯಲ್ಲಿ ತಯಾರಾಗುವಾಗಲೇ ಆದ ತಪ್ಪು, ಅದಕ್ಕೇ ಬೆಲೆ ಬರಬಹುದು ಅನ್ನುವ ಆಸೆ. ನನ್ನ ಉತ್ತರ ಯಾವಾಗಲೂ ಒಂದೇ. ತಮ್ಮಾ, ಬಿಚ್ಚಿದರೆ ಏನು ಗೊತ್ತಾಗಬೇಕು ಅಂತ ಮೊದಲು ಒಂದು ಚೀಟಿಯಲ್ಲಿ ಬರೆ. ಬರೆಯಲು ಏನೂ ಹೊಳೆಯಲಿಲ್ಲ ಅಂದರೆ ಬಿಚ್ಚಬೇಡ.

ಸುಮ್ನೆ ಹೆದರಿಸಲು ಹೇಳುವ ಮಾತಲ್ಲ ಇದು. ಪ್ರೂಫ್ ನಾಣ್ಯವನ್ನು (ಸಂಗ್ರಹಕ್ಕೆಂದೇ ವಿಶೇಷವಾಗಿ ಮಾಡಿದ್ದು) ಟಂಕಸಾಲೆಯಲ್ಲಿ ಪಾಲಿಶ್ ಮಾಡಿದ ಬಿಲ್ಲೆಯ ಮೇಲೆ, ಪಾಲಿಶ್ ಮಾಡಿದ ಡೈ (ಚಿತ್ರದ ಅಚ್ಚು) ಇಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆಯುತ್ತಾರೆ. ಅದಕ್ಕೇ ಅದರ ಬಯಲು ಭಾಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಹೊಳಪಿನ ಮೇಲೆ ಬಟ್ಟೆ ಎಳೆದರೂ ಕೂದಲಿನಂಥ ಗೀರು ಬೀಳುತ್ತದೆ, ಬೆರಳು ಮುಟ್ಟಿದರೆ ಕೆಲವು ತಿಂಗಳಲ್ಲಿ ಕಂದು ಗುರುತು ಏಳುತ್ತದೆ. ಅದರ ಮೇಲೆ, ಸೀಲ್ ಹೋದ ಸೆಟ್‌ಗೆ ಕೊಳ್ಳುವವರು ಕಡಿಮೆ ಬೆಲೆ ಕೇಳುತ್ತಾರೆ. ಒಳಗೆ ಎರರ್ ಸಿಗದಿದ್ದರೆ ಎರಡೂ ಕಡೆ ನಷ್ಟ.

ಹೊರಗಿನಿಂದಲೇ ಮುಗಿಯುವ ಕೆಲಸ

ನೀವು ಹುಡುಕುವ ಎರರ್‌ಗಳಲ್ಲಿ ಬಹುಪಾಲು ಪ್ಲಾಸ್ಟಿಕ್ ಮೂಲಕವೇ ಕಾಣುತ್ತವೆ. ಚಿತ್ರ ಒಂದು ಬದಿಗೆ ಸರಿದಿರುವುದು, ಡೈ ಬಿರುಕು, ಅಕ್ಷರ ಜೋಡಿಯಾಗಿರುವುದು, ನಮ್ಮ ವ್ಯಾಪಾರಿಗಳು ‘ಲಖಿ’ ಅನ್ನುವ ನಾಣ್ಯ (ಒಂದು ಮುಖದ ಚಿತ್ರವೇ ಇನ್ನೊಂದು ಮುಖದಲ್ಲಿ ಉಲ್ಟಾ ಮತ್ತು ತಗ್ಗಾಗಿ ಮೂಡಿರುವುದು), ಇವಕ್ಕೆಲ್ಲ ಕಣ್ಣು ಮತ್ತು ಬೆಳಕು ಸಾಕು. ಅಮೆರಿಕದ 1975ರ ಪ್ರೂಫ್ ಸೆಟ್‌ನಲ್ಲಿ ‘ಎಸ್’ ಗುರುತು (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು) ಬೀಳದ ಡೈಮ್ (ಹತ್ತು ಸೆಂಟ್) ನಾಣ್ಯ ಗೊತ್ತಿರುವಂತೆ ಎರಡೇ ಎರಡು. 1990ರ ಸೆಟ್‌ನ ಒಂದು ಸೆಂಟ್ ನಾಣ್ಯದಲ್ಲೂ ಹೀಗೇ ಆಗಿತ್ತು. ಅಂಥ ದೊಡ್ಡ ಎರರ್ ಗುರುತಿಸಲಿಕ್ಕೂ ಕೇಸ್ ಒಡೆಯುವ ಅಗತ್ಯ ಇಲ್ಲ. ಹೊರಗಿನಿಂದಲೇ ಕಾಣುತ್ತದೆ.

ಆದರೆ ಇದೇ ಲೆಕ್ಕ ಇಲ್ಲಿ ಹಾಕಬೇಡಿ. ನಮ್ಮಲ್ಲಿ ಗುರುತು ಇಲ್ಲದಿದ್ದರೆ ಅದು ಎರರ್ ಅಲ್ಲ, ಕೋಲ್ಕತಾ. ಆ ಟಂಕಸಾಲೆ ತನ್ನ ನಾಣ್ಯದ ಮೇಲೆ ಗುರುತು ಹಾಕುವುದಿಲ್ಲ. ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ. ಮುಂಬೈಯ ಪ್ರೂಫ್ ನಾಣ್ಯಗಳಲ್ಲಿ ವಜ್ರದ ಬದಲು ಹಿಂದೆ ‘ಬಿ’ ಇರುತ್ತಿತ್ತು, ಆಮೇಲೆ ‘ಎಂ’ ಬಂತು. “ಗುರುತೇ ಇಲ್ಲ, ಲಕ್ಷ ರೂಪಾಯಿ ನಾಣ್ಯ” ಅಂತ ಬರುವ ವಾಟ್ಸ್‌ಆ್ಯಪ್ ಸಂದೇಶಕ್ಕೆ ಇಷ್ಟು ತಿಳಿದಿದ್ದರೆ ಸಾಕು.

ಈಗ ಆ ಗೆರೆಯ ವಿಷಯ. ಕೇಸನ್ನು ಕೈಯಲ್ಲಿ ಹಿಡಿಯಿರಿ. ಬೆಳಕು ಮೇಲಿನಿಂದ ಬೇಡ. ಮೇಜಿನ ದೀಪ ಅಥವಾ ಮೊಬೈಲ್ ಟಾರ್ಚನ್ನು ಪಕ್ಕದಿಂದ, ತಗ್ಗಿನಲ್ಲಿ, ನಾಣ್ಯದ ಮೇಲೆ ಜಾರುವ ಹಾಗೆ ಬಿಡಿ. ಕೇಸನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ವಾಲಿಸಿದಾಗ ಗೆರೆ ನಾಣ್ಯದ ಚಿತ್ರದ ಮೇಲೆ ಜರುಗಿದಂತೆ ಕಂಡರೆ, ಮೊದಲು ಕಿವಿಯ ಹತ್ತಿರ ಇದ್ದದ್ದು ಈಗ ಗಲ್ಲದ ಮೇಲೆ ಬಂದರೆ, ಅದು ಪ್ಲಾಸ್ಟಿಕ್ ಮೇಲಿನ ಗೆರೆ. ಚಿತ್ರಕ್ಕೆ ಅಂಟಿಕೊಂಡೇ ಇದ್ದರೆ ನಾಣ್ಯದ್ದು. ಇನ್ನೂ ಅನುಮಾನ ಇದ್ದರೆ 10 ಪಟ್ಟು ತೋರಿಸುವ ಲೂಪ್ ತಗೊಳ್ಳಿ. ಅದರ ಫೋಕಸ್ ಬಹಳ ತೆಳು. ನಾಣ್ಯದ ಅಕ್ಷರ ಸ್ಪಷ್ಟ ಕಾಣುವಾಗ ಗೆರೆ ಮಸುಕಾದರೆ, ಗೆರೆ ಬೇರೆ ಮಟ್ಟದಲ್ಲಿದೆ ಅಂತ ಅರ್ಥ. ಫೋನ್ ಮಾಡುವವರ ಗೆರೆಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ. ಕೇಸ್ ತಯಾರಾಗುವಾಗ ಅಚ್ಚಿನಲ್ಲಿ ಉಳಿದ ಗೆರೆ, ಇಲ್ಲವೇ ಕಪಾಟಿನಲ್ಲಿ ಉಜ್ಜಿ ಆದ ಗೀರು.

ಗೆರೆ ನಾಣ್ಯದ್ದೇ ಆದರೆ, ಉಬ್ಬೋ ತಗ್ಗೋ ನೋಡಬೇಕು. ಡೈ ಸೀಳಿದರೆ ಆ ಸೀಳಿನೊಳಗೆ ಲೋಹ ನುಗ್ಗುತ್ತದೆ, ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತದೆ. ಗೀರು ಬಿದ್ದರೆ ತಗ್ಗು. ಬೆಳಕು ಎಡದಿಂದ ಬರುವಾಗ ಉಬ್ಬು ಗೆರೆಯ ಎಡಮಗ್ಗುಲು ಹೊಳೆಯುತ್ತದೆ, ತಗ್ಗಿಗೆ ಬಲಮಗ್ಗುಲು. ಬೆಳಕನ್ನು ಇನ್ನೊಂದು ಕಡೆಗೆ ತಿರುಗಿಸಿ ಮತ್ತೊಮ್ಮೆ ನೋಡಿದರೆ ಖಾತ್ರಿಯಾಗುತ್ತದೆ.

ಜೋಡಿ ಅಕ್ಷರದಲ್ಲಿ ಮೋಸ ಹೋಗುವವರು ಇನ್ನೂ ಜಾಸ್ತಿ. ನಿಜವಾದ ಡಬಲ್ ಡೈ ಅಂದರೆ ಡೈ ಮಾಡುವಾಗಲೇ ಚಿತ್ರ ಎರಡು ಸಲ ಬಿದ್ದಿರುತ್ತದೆ. ಎರಡನೇ ನೆರಳಿಗೂ ದುಂಡು ಇರುತ್ತದೆ, ಅಕ್ಷರದ ತುದಿ ಸೀಳಿದಂತೆ ಕಾಣುತ್ತದೆ, ಅಕ್ಷರ ದಪ್ಪವಾಗಿರುತ್ತದೆ. ಒತ್ತುವಾಗ ಡೈ ಸಡಿಲವಾಗಿ ಅದುರಿದರೆ ಆಗುವುದು ಬೇರೆ. ಅಲ್ಲಿ ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನಂಥ ಅಂಚು ಇರುತ್ತದೆ, ಅಕ್ಷರ ತೆಳುವಾಗಿರುತ್ತದೆ. ಎರಡನೆಯದಕ್ಕೆ ಬೆಲೆ ಇಲ್ಲ ಅಂತಲೇ ಹಿಡಿಯಿರಿ. ಅದಕ್ಕಾಗಿ ಸೀಲ್ ಒಡೆಯುವುದು ದಂಡ.

ಹಳೆಯ ನಾಣ್ಯ ಕೂಡಿಸಿ ಅಭ್ಯಾಸ ಇರುವವರಿಗೆ ಇನ್ನೊಂದು ಮಾತು. ಮರಾಠರ ಕಾಲದಲ್ಲಿ ಬಾಗಲಕೋಟೆಯಲ್ಲೇ ರೂಪಾಯಿ ಟಂಕಿಸುತ್ತಿದ್ದರು. ಆ ಸುತ್ತಿಗೆ ಏಟಿನ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದು. ಅರ್ಧ ಅಕ್ಷರ ಹೊರಗೆ ಹೋಗುವುದು ಮಾಮೂಲು. ಬೆಳ್ಳಿ ತಂತಿ ಮಡಿಚಿ ಮುದ್ರೆ ಒತ್ತಿದ ಆದಿಲ್‌ಶಾಹಿ ‘ಲಾರಿ’ ನಾಣ್ಯದ ಮೇಲಂತೂ ಪೂರ್ತಿ ಬರಹ ಸಿಗುವುದೇ ಕಷ್ಟ. ಅಲ್ಲಿ ಎರರ್ ಅನ್ನುವ ಮಾತೇ ಬರುವುದಿಲ್ಲ. ಯಂತ್ರದ ನಾಣ್ಯಕ್ಕೆ ಬಂದಾಗ ಮಾತ್ರ ಅಳತೆ ಬದಲಾಗುತ್ತದೆ.

ಹಾಗಾದರೆ ಯಾವಾಗ ಬಿಚ್ಚಬೇಕು?

ತೂಕ ನೋಡಬೇಕಾದಾಗ. ಅಂಚು ನೋಡಬೇಕಾದಾಗ. ನಾಣ್ಯದ ಒಂದೇ ಮುಖ ಕಾಣುವ ಕಾರ್ಡಿನಲ್ಲಿದ್ದು, ಹಿಂಭಾಗದ ಚಿತ್ರ ವಾರೆಯಾಗಿ ತಿರುಗಿದೆಯೇ ಅಂತ ತಿಳಿಯಬೇಕಾದಾಗ. ಇವು ಪ್ಲಾಸ್ಟಿಕ್ ಮೂಲಕ ಆಗದ ಕೆಲಸ.

ನಾಲ್ಕನೆಯ ಕಾರಣಕ್ಕೆ ಎರರ್ ಇರಲಿ ಬಿಡಲಿ, ಬಿಚ್ಚಲೇಬೇಕು. ಹಸಿರು ಅಂಟು. ಹಳೆಯ ಸೆಟ್ ಮೆತ್ತನೆಯ ಪಿವಿಸಿ ಪೌಚಿನಲ್ಲಿದ್ದರೆ, ಆ ಪ್ಲಾಸ್ಟಿಕ್ ಕಾಲ ಕಳೆದಂತೆ ಕೊಳೆತು ಆಮ್ಲ ಬಿಡುತ್ತದೆ. ಅದು ನಾಣ್ಯದ ತಾಮ್ರವನ್ನು ತಿನ್ನುತ್ತದೆ. ಬಿಸಿಲು ಇದ್ದಷ್ಟೂ ಬೇಗ. ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಮನೆಯ ಅಟ್ಟದ ಮೇಲೆ ಇಟ್ಟ ಸೆಟ್ ಅಂದರೆ ಕೇಳುವುದೇ ಬೇಡ. ಬೆಳ್ಳಿಯ 100 ರೂಪಾಯಿ ನಾಣ್ಯವೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕದ ಆ ನಾಣ್ಯದಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದಿದ್ದರಲ್ಲಿ ತಾಮ್ರ 40 ಭಾಗ, ನಿಕಲ್ 5, ಸತು 5. ಅಂಚಿನ ಹತ್ತಿರ ಹಸಿರು ಜಿಡ್ಡು ಕಂಡರೆ ಸೀಲ್‌ನ ಆಸೆ ಬಿಟ್ಟುಬಿಡಿ.

ಕೂರುವ ಜಾಗ

ಮೇಜು ಬೇಡ. ನಮ್ಮ ಮನೆಗಳಲ್ಲಿ ನೆಲ ಶಹಾಬಾದ್ ಕಲ್ಲು ಇಲ್ಲವೇ ಟೈಲ್ಸ್. ಮೇಜಿನಿಂದ ಜಾರಿದ ನಾಣ್ಯ ಅಂಚು ಜಜ್ಜಿಕೊಂಡೇ ಏಳುತ್ತದೆ. ನೆಲದ ಮೇಲೆ ಒಂದು ಕೌದಿ ಹಾಸಿ, ಅದರ ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಹಾಕಿ, ಚಕ್ಕಳಮಕ್ಕಳ ಕೂರಿ. ನಾಣ್ಯ ಕೈ ಜಾರಿದರೂ ಗೇಣು ಎತ್ತರದಿಂದ ಮೆತ್ತಗೆ ಬೀಳುತ್ತದೆ. ಕೌದಿಗೆ ಗುಂಡಿ, ಪಿನ್ನು ಸಿಕ್ಕಿಕೊಂಡಿಲ್ಲ ಅಂತ ಕೈಯಾಡಿಸಿ ನೋಡಿ.

ಫ್ಯಾನ್ ಆಫ್. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಸರಿ, ಬೆವರು ಹನಿ ಬೀಳಬಾರದು. ಬೆಳಗಾವಿಯವರು ಮಳೆ ಜೋರು ಇರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಂದೂಡುವುದು ಒಳ್ಳೆಯದು. ತೇವದ ಗಾಳಿಯನ್ನು ಒಳಗೆ ಹಾಕಿ ಮತ್ತೆ ಡಬ್ಬಿ ಮುಚ್ಚಿದರೆ ಕಲೆ ಬರುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಬಾಯಿಗೆ ಮಾಸ್ಕ್ ಕಟ್ಟಿ. ನಾಣ್ಯದ ಮೇಲೆ ಬಗ್ಗಿ ಮಾತಾಡುವಾಗ ಹಾರುವ ಉಗುಳಿನ ಸಣ್ಣ ಹನಿ ಕಣ್ಣಿಗೆ ಬೀಳುವುದಿಲ್ಲ, ತಿಂಗಳ ಮೇಲೆ ಚುಕ್ಕೆಯಾಗಿ ಏಳುತ್ತದೆ. ಎಲೆ-ಅಡಿಕೆ ಬಾಯಲ್ಲಿಟ್ಟುಕೊಂಡು ಕೂರುವವರಿಗೆ ಬೇರೆ ಹೇಳಬೇಕಿಲ್ಲ ಅಲ್ವಾ?

ಗ್ಲೌಸ್ ಬಗ್ಗೆ ಎಲ್ಲರೂ ಒಂದೊಂದು ಹೇಳುತ್ತಾರೆ. ಬಿಳಿ ಹತ್ತಿ ಗ್ಲೌಸ್ ಫೋಟೊದಲ್ಲಿ ಚೆಂದ, ಕೆಲಸದಲ್ಲಿ ಜಾರುತ್ತದೆ. ಮೆಡಿಕಲ್ ಶಾಪಿನ ಪೌಡರ್ ಇರುವ ರಬ್ಬರ್ ಗ್ಲೌಸ್ ಬೇಡವೇ ಬೇಡ. ಪೌಡರ್ ಇಲ್ಲದ ನೈಟ್ರೈಲ್ ಸಿಕ್ಕರೆ ಅದು ಉತ್ತಮ. ಇಲ್ಲದಿದ್ದರೆ ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಿದ ಕೈ ಸಾಕು. ಆದರೆ ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬಾರದು. ಉಂಗುರ, ಕಡಗ ತೆಗೆದಿಡಿ.

ಶುರು ಮಾಡುವ ಮೊದಲು ಪ್ಯಾಕಿನ ಎರಡೂ ಬದಿ, ನಾಲ್ಕೂ ಅಂಚು, ಪ್ರಮಾಣಪತ್ರ ಇದ್ದರೆ ಅದು, ಎಲ್ಲ ಫೋಟೊ ತೆಗೆಯಿರಿ. ಬಿಚ್ಚುವಾಗ ಇನ್ನೊಬ್ಬರ ಕೈಲಿ ಮೊಬೈಲ್ ಕೊಟ್ಟು ನಡುವೆ ನಿಲ್ಲಿಸದೆ ವಿಡಿಯೊ ಮಾಡಿಸಿ. ನಾಳೆ ಎರರ್ ನಿಜ ಅಂತಾದರೆ, ಅದು ಈ ಸೆಟ್‌ನೊಳಗಿಂದಲೇ ಬಂತು ಅನ್ನಲು ಬೇರೆ ಸಾಕ್ಷಿ ಇರುವುದಿಲ್ಲ.

ಬಿಚ್ಚುವುದು

ಮೊದಲು ಸುಲಭದ್ದು: ದುಂಡನೆಯ ಗಟ್ಟಿ ಕ್ಯಾಪ್ಸೂಲ್. ಎರಡು ಮುಚ್ಚಳ ಒಂದರೊಳಗೊಂದು ಕೂತಿರುತ್ತವೆ. ಸುತ್ತ ಬೆರಳಾಡಿಸಿದರೆ ಸಣ್ಣ ಸಂದು ಸಿಗುತ್ತದೆ. ಕ್ಯಾಪ್ಸೂಲನ್ನು ಬಟ್ಟೆಗೆ ಒಂದು ಬೆರಳಿನಷ್ಟು ಮೇಲೆ ಹಿಡಿದು ಎರಡೂ ಹೆಬ್ಬೆರಳಿನಿಂದ ಸಂದಿನ ಕಡೆ ಮೇಲಕ್ಕೆ ಒತ್ತಿ. ಬರಲಿಲ್ಲವೇ? ಸ್ಕ್ರೂಡ್ರೈವರ್, ಚಾಕು, ಬ್ಲೇಡ್ ಮುಟ್ಟಬೇಡಿ. ಮೊಬೈಲ್ ರಿಪೇರಿಯವರು ಡಿಸ್‌ಪ್ಲೇ ಎಬ್ಬಿಸುವ ತ್ರಿಕೋನದ ಪ್ಲಾಸ್ಟಿಕ್ ಪಿಕ್ ಕೇಳಿ ತನ್ನಿ. ಅದರ ತುದಿಯನ್ನು ಸಂದಿಗೆ ಇಟ್ಟು ತುಸು ತಿರುಗಿಸಿ, ಸ್ವಲ್ಪ ಸರಿದು ಮತ್ತೆ ತಿರುಗಿಸಿ. ಸುತ್ತು ಹಾಕುತ್ತ ಹೋದರೆ ಒಂದು ಹಂತದಲ್ಲಿ ಟಕ್ ಅನ್ನುತ್ತದೆ. ಆ ಟಕ್ ಆದ ಕ್ಷಣವೇ ಅಪಾಯ, ಮುಚ್ಚಳದ ಜೊತೆ ನಾಣ್ಯವೂ ಹಾರುತ್ತದೆ. ಹಾಗಾಗಿ ಒತ್ತುವ ಕೈಯ ಉಳಿದ ಬೆರಳುಗಳು ಮುಚ್ಚಳದ ಮೇಲೇ ಇರಲಿ.

ಆಯತಾಕಾರದ ಗಟ್ಟಿ ಕೇಸಿಗೂ ಪಿಕ್ಕೇ. ಅಂಚಿನ ಸಂದಿನಲ್ಲಿ ಒಂದು ಮೂಲೆಯಿಂದ ಶುರು ಮಾಡಿ ಪಕ್ಕದ ಮೂಲೆಗೆ ಹೋಗಿ. ಮಧ್ಯದಲ್ಲಿ ಮೀಟಿದರೆ ಪ್ಲಾಸ್ಟಿಕ್ ಬಿಲ್ಲಿನಂತೆ ಬಾಗಿ ಸಿಡಿಯುತ್ತದೆ, ಚೂರುಗಳು ನಾಣ್ಯದ ಮುಖಕ್ಕೇ ಬೀಳುತ್ತವೆ. ತೆರೆದ ಮೇಲೆ ಮೇಲಿನ ಭಾಗವನ್ನು ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ನಾಣ್ಯಗಳನ್ನು ಬೆರಳಿಂದ ಎಬ್ಬಿಸುವ ಬದಲು, ಮೇಲೆ ಮೆತ್ತನೆ ಬಟ್ಟೆ ಹಾಕಿ ತಟ್ಟೆಯನ್ನು ಉಲ್ಟಾ ಮಾಡಿ. ಒಂದೊಂದು ನಾಣ್ಯದ ಜಾಗ ಯಾವುದು ಅಂತ ಫೋಟೊ ಇರಲಿ.

ಶಾಖ ಹಾಕಿ ಸಡಿಲಿಸುವುದು, ಹೇರ್ ಡ್ರೈಯರ್, ಬಿಸಿ ಚಾಕು, ಅಂಟು ಕರಗಿಸಲು ಯಾವುದೋ ದ್ರಾವಣ ಬಿಡುವುದು, ಇವೆಲ್ಲ ವಿಡಿಯೊಗಳಿಗೆ ಚೆಂದ.

ಮೆತ್ತನೆ ಪೌಚ್ ಇದ್ದರೆ ಕತ್ತರಿ ಬೇಕು. ಇಲ್ಲಿ ನಿಧಾನಿಸಿ. ಮೊದಲು ಪೌಚನ್ನು ನೆಟ್ಟಗೆ ಹಿಡಿದು ನಾಣ್ಯವನ್ನು ಕತ್ತರಿಸುವ ಬದಿಯಿಂದ ದೂರಕ್ಕೆ ಜಾರಿಸಿ. ಒತ್ತಿ ಉಜ್ಜಬೇಡಿ, ವಾಲಿಸಿದರೆ ತಾನೇ ಜಾರಬೇಕು. ಜಾರದಿದ್ದರೆ ಅಂಟಿಕೊಂಡಿದೆ, ಅದಕ್ಕೆ ಮುಂದೆ ಹೇಳುತ್ತೇನೆ. ಸೀಲ್ ಮಾಡಿದ ಪಟ್ಟಿಯ ಮೇಲೆಯೇ ಕತ್ತರಿ ಆಡಿಸಿ. ಬಹಳ ಜನ ಒಂದೇ ಬದಿ ಸೀಳಿ, ಆ ಕಿರಿದಾದ ಬಾಯಿಂದ ನಾಣ್ಯ ಎಳೆಯುತ್ತಾರೆ. ಕತ್ತರಿಸಿದ ಪ್ಲಾಸ್ಟಿಕ್ ಅಂಚು ಕನ್ನಡಿ ಹೊಳಪಿನ ಮೇಲೆ ಗೀರು ಎಳೆಯುತ್ತದೆ. ಮೂರು ಬದಿ ಕತ್ತರಿಸಿ ಮೇಲಿನ ಪದರವನ್ನು ಪುಸ್ತಕದ ಹಾಳೆಯಂತೆ ತೆರೆಯಿರಿ. ಪೌಚ್ ಹೇಗೂ ಹೋಯಿತು, ಅದನ್ನು ಉಳಿಸಲು ನಾಣ್ಯ ಕೆಡಿಸುವುದು ಯಾಕೆ?

ವ್ಯಾಪಾರಿಗಳು ಕೊಡುವ ಸ್ಟೇಪಲ್ ಹೊಡೆದ ಚೌಕ ರಟ್ಟಿನ ಹೋಲ್ಡರ್ ನೋಡಲು ಸಾದಾ, ಗೀರು ಬೀಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ. ಮೊದಲು ಎಲ್ಲ ಪಿನ್ನುಗಳನ್ನೂ ತೆಗೆಯಿರಿ, ಎಣಿಸಿ ಪಕ್ಕಕ್ಕಿಡಿ, ಆಮೇಲೆ ರಟ್ಟು ಬಿಡಿಸಿ.

ಗ್ರೇಡಿಂಗ್ ಕಂಪನಿಯ ಸ್ಲ್ಯಾಬ್ (ನಾಣ್ಯ ಪರೀಕ್ಷಿಸಿ ದರ್ಜೆ ಬರೆದು ಅವರೇ ಸೀಲ್ ಮಾಡಿದ ಗಟ್ಟಿ ಕೇಸ್) ಆದರೆ ಬಿಚ್ಚುವ ಮಾತೇ ಬೇಡ. ಒಡೆದ ಗಳಿಗೆಯಿಂದ ಅವರ ಗ್ಯಾರಂಟಿ ಇಲ್ಲ.

ಕೈಗೆ ಬಂದ ಮೇಲೆ

ಮೊದಲು ಚೀಟಿಯಲ್ಲಿ ಬರೆದ ಪ್ರಶ್ನೆ.

ತೂಕ ಆದರೆ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಗುರುತಿನ ಪತ್ತಾರರ (ಅಕ್ಕಸಾಲಿಗರ) ಅಂಗಡಿಗೆ ಹೋಗಿ. ತಕ್ಕಡಿಯ ಮೇಲೆ ಶುಭ್ರ ಕಾಗದ ಇಡಿಸಿ, ಸೊನ್ನೆ ಮಾಡಿಸಿ, ನಾಣ್ಯವನ್ನು ನೀವೇ ಇಡಿ. ಪತ್ತಾರರ ಕೈಗೆ ಕೊಟ್ಟರೆ ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ, ಅವರ ತಪ್ಪಲ್ಲ. ಹೋಲಿಸಲು ಲೆಕ್ಕ ಗೊತ್ತಿರಲಿ. ತಾಮ್ರ-ನಿಕಲ್‌ನ ಹಳೆಯ ದಪ್ಪ 5 ರೂಪಾಯಿ 9 ಗ್ರಾಂ. ನಂತರ ಬಂದ ಉಕ್ಕಿನದೂ, ಹಳದಿ ನಿಕಲ್-ಹಿತ್ತಾಳೆಯದೂ 6 ಗ್ರಾಂ. ಎರಡು ಲೋಹದ 10 ರೂಪಾಯಿ 27 ಮಿಲಿಮೀಟರ್, 7.71 ಗ್ರಾಂ. ಹನ್ನೆರಡು ಮೂಲೆಯ 20 ರೂಪಾಯಿ 8.54 ಗ್ರಾಂ. ತುಸು ಹೆಚ್ಚುಕಮ್ಮಿ ಸಹಜ. ಅರ್ಧ ಗ್ರಾಂ, ಒಂದು ಗ್ರಾಂ ವ್ಯತ್ಯಾಸ ಬಂದರೆ ಬೇರೆ ಬಿಲ್ಲೆಯ ಮೇಲೆ ಒತ್ತಿದ್ದಾರೇನೋ ಅಂತ ಯೋಚಿಸಬಹುದು.

ಲೋಹದ ಅನುಮಾನಕ್ಕೆ ಅಯಸ್ಕಾಂತ. ನಮ್ಮ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯ ಹಿಡಿಯುತ್ತದೆ, ತಾಮ್ರ-ನಿಕಲ್ ಹಿಡಿಯುವುದಿಲ್ಲ. ಆದರೆ ಅಯಸ್ಕಾಂತವನ್ನು ನಾಣ್ಯಕ್ಕೆ ಮುಟ್ಟಿಸಬೇಡಿ. ಬಟ್ಟೆಯ ಕೆಳಗೆ ಹಿಡಿದು ನಾಣ್ಯ ಅಲುಗುತ್ತದೆಯೇ ನೋಡಿದರೆ ಸಾಕು.

ತಿರುಗಿದ ಡೈ ನೋಡುವುದು ಸುಲಭ. ಭಾರತದ ನಾಣ್ಯದ ಒಂದು ಮುಖ ನೆಟ್ಟಗೆ ಹಿಡಿದು, ಪುಟ ತಿರುಗಿಸಿದಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಇನ್ನೊಂದು ಮುಖವೂ ನೆಟ್ಟಗೆ ಇರಬೇಕು. ತುಸು ವಾರೆ ಇದ್ದರೆ ಯಾರೂ ಬೆಲೆ ಕೊಡುವುದಿಲ್ಲ. ಕಾಲು ಸುತ್ತು, ಅರ್ಧ ಸುತ್ತು ತಿರುಗಿದ್ದರೆ ಮಾತು ಬೇರೆ, ಅದೂ ಪ್ರೂಫ್‌ನಲ್ಲಿ ಸಿಕ್ಕರೆ.

ಅಂಚು ಕಡಿದ ನಾಣ್ಯಕ್ಕೆ ಒಂದು ಪರೀಕ್ಷೆ ಇದೆ. ಟಂಕಸಾಲೆಯಲ್ಲೇ ಬಿಲ್ಲೆ ಕಡಿದಿದ್ದರೆ, ಕಡಿದ ಜಾಗಕ್ಕೆ ಸರಿಯಾಗಿ ಎದುರಿನ ಅಂಚು ಸಾಮಾನ್ಯವಾಗಿ ತೆಳುವಾಗಿ, ಮಸುಕಾಗಿ ಇರುತ್ತದೆ. ಬಿಲ್ಲೆಗೆ ಅಂಚು ಕಟ್ಟುವ ಯಂತ್ರದಲ್ಲಿ ಒಂದು ಕಡೆ ಲೋಹ ಇಲ್ಲದಿದ್ದರೆ ಎದುರು ಕಡೆ ಒತ್ತಡ ಬೀಳುವುದಿಲ್ಲ. ಎದುರಿನ ಅಂಚು ಗಟ್ಟಿಯಾಗಿ, ಚೊಕ್ಕವಾಗಿದ್ದರೆ ಯಾರೋ ಅರದಿಂದ ಉಜ್ಜಿರಬಹುದು.

ಫೋಟೊಗೆ ಬೆಳಕಿನ ಮುಂದೆ ಬಟರ್ ಪೇಪರ್ ಹಿಡಿಯಿರಿ. ಪ್ರೂಫ್ ಮೇಲೆ ನೇರ ಬೆಳಕು ಬಿದ್ದರೆ ನಿಮ್ಮ ಮೊಬೈಲಿನ ಮುಖವೇ ಕಾಣುತ್ತದೆ.

ಹಸಿರು ಜಿಡ್ಡು ಇದ್ದರೆ

ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಸಿಗುತ್ತದೆ. ನೇಲ್ ಪಾಲಿಶ್ ರಿಮೂವರ್ ಅದಲ್ಲ, ಅದರಲ್ಲಿ ಬಣ್ಣ, ಸುವಾಸನೆ, ಎಣ್ಣೆ ಇರುತ್ತದೆ. ಗಾಜಿನ ಬಟ್ಟಲೇ ಆಗಬೇಕು, ಹಲವು ಬಗೆಯ ಪ್ಲಾಸ್ಟಿಕ್ ಅಸಿಟೋನ್‌ನಲ್ಲಿ ಕರಗುತ್ತದೆ. ಅಂಗಳದಲ್ಲೋ ಮಾಳಿಗೆ ಮೇಲೋ ಕೂರಿ. ಅಸಿಟೋನ್ ಆವಿ ಕಿಡಿ ಕಂಡರೆ ಹೊತ್ತಿಕೊಳ್ಳುತ್ತದೆ. ಹತ್ತಿರ ಒಲೆ, ಬೀಡಿ, ಊದಿನಕಡ್ಡಿ ಯಾವುದೂ ಇರಬಾರದು. ಮಕ್ಕಳು ದೂರ ಇರಲಿ.

ನಾಣ್ಯ ಮುಳುಗುವಷ್ಟು ಹಾಕಿ, ಗಾಜಿನ ತಟ್ಟೆ ಮುಚ್ಚಿ, ಕೆಲ ನಿಮಿಷ ಬಿಡಿ. ಇನ್ನೊಂದು ಬಟ್ಟಲಲ್ಲಿ ಹೊಸ ಅಸಿಟೋನ್ ಹಾಕಿ ಅದರಲ್ಲಿ ಮತ್ತೊಮ್ಮೆ ಅದ್ದಿ. ಒರೆಸಬೇಡಿ, ಉಜ್ಜಬೇಡಿ. ಗಾಳಿಗೆ ತಾನೇ ಆರುತ್ತದೆ. ಪೌಚಿಗೆ ಅಂಟಿಕೊಂಡ ನಾಣ್ಯವನ್ನೂ ಕಿತ್ತು ತೆಗೆಯದೆ, ಸುತ್ತಲಿನ ಪ್ಲಾಸ್ಟಿಕ್ ಕತ್ತರಿಸಿ, ಉಳಿದ ತುಂಡಿನ ಸಮೇತ ಇದರಲ್ಲೇ ಬಿಡಿ. ಹಸಿರು ಹೋದ ಮೇಲೆ ಕೆಳಗೆ ಗುಳಿ ಕಂಡರೆ ಅದು ಮೊದಲೇ ಆದ ಹಾನಿ. ಅದಕ್ಕೆ ಮದ್ದಿಲ್ಲ.

ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ಮನೆಯ ಬೆಳ್ಳಿಗೆ ವಿಭೂತಿ ಹಾಕಿ ಉಜ್ಜುವುದು ನಮ್ಮ ಕಡೆ ರೂಢಿ. ಸಮೆಗೆ (ದೀಪದ ಕಂಬಕ್ಕೆ) ಅದು ಸರಿ. ಪ್ರೂಫ್ ನಾಣ್ಯಕ್ಕೆ ಅದೇ ವಿಭೂತಿ ಉಪ್ಪು ಕಾಗದ (ಸ್ಯಾಂಡ್‌ಪೇಪರ್) ಇದ್ದಂತೆ. ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಮೊದಲೇ ಹೇಳಿಡಿ, ಪ್ರೀತಿಯಿಂದಲೇ ಉಜ್ಜಿಟ್ಟುಬಿಡುತ್ತಾರೆ.

ಮತ್ತೆ ಇಡುವುದು, ತೋರಿಸುವುದು

ನಾಣ್ಯದ ಮಿಲಿಮೀಟರ್ ಅಳತೆಗೆ ಸರಿಯಾದ ಹೊಸ ಕ್ಯಾಪ್ಸೂಲ್ ತರಿಸಿ. ಸಡಿಲ ಇದ್ದರೆ ಒಳಗೆ ಗಡಗಡ ಅಂದು ಅಂಚು ಸವೆಯುತ್ತದೆ. ಪಾರದರ್ಶಕ ಹೋಲ್ಡರ್ ಆದರೆ ಪಿವಿಸಿ ಇಲ್ಲದ್ದು ಅಂತ ಕೇಳಿ ಕೊಳ್ಳಿ. ಮೆತ್ತಗೆ ಇದ್ದು ಹೊಸ ರೆಕ್ಸಿನ್ ವಾಸನೆ ಬಂದರೆ ಬಿಟ್ಟುಬಿಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬೆಳಗಾವಿಯ ಮಳೆಗಾಲದಲ್ಲಿ ಆಗಾಗ ಬದಲಿಸಿ. ರಬ್ಬರ್ ಬ್ಯಾಂಡ್, ಹಳೆಯ ದಿನಪತ್ರಿಕೆ ಹತ್ತಿರ ಬೇಡ, ಅವುಗಳಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಒಡೆದ ಕೇಸ್, ಕತ್ತರಿಸಿದ ಕಾರ್ಡ್, ಪ್ರಮಾಣಪತ್ರ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ನಾಣ್ಯದ ಜೊತೆಗೇ ಇಡಿ. ಪಿವಿಸಿ ಪೌಚಿನ ತುಂಡು ಮಾತ್ರ ಬೇರೆ ಕಡೆ.

ಎರರ್ ಸಿಕ್ಕಿತು ಅನ್ನಿಸಿದರೆ ನಾಣ್ಯ ಮೇಳದಲ್ಲಿ ಒಬ್ಬರಿಗಿಂತ ಹೆಚ್ಚು ವ್ಯಾಪಾರಿಗಳಿಗೆ ತೋರಿಸಿ. ಬೆಲೆ ಕೇಳಬೇಡಿ, ಮೊದಲು “ಇದು ಹೇಗೆ ಆಗಿರಬಹುದು?” ಅಂತ ಕೇಳಿ. ಕಾರಣ ಹೇಳಲು ಬಾರದವರ ಬೆಲೆಯನ್ನು ನಂಬಬೇಡಿ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅನ್ನುವಂಥವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು: ಹಳೆಯ ನೋಟು-ನಾಣ್ಯ ಕೊಳ್ಳುವ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನೂ ಕೇಳುವುದಿಲ್ಲ ಅಂತ.

ಮಾರುವಾಗ ‘ಬಿಚ್ಚಿದ ಸೆಟ್’ ಅಂತಲೇ ಹೇಳಿ, ವಿಡಿಯೊ ಕೊಡಿ. ಮತ್ತೆ ಅಂಟಿಸಿ ‘ಸೀಲ್ಡ್’ ಅಂತ ಮಾರುವವರೂ ಇದ್ದಾರೆ. ನೀವು ಕೊಳ್ಳುವಾಗ ಸೀಲ್ ಪಟ್ಟಿ ಎಲ್ಲ ಕಡೆ ಒಂದೇ ಅಗಲ ಇದೆಯೇ ನೋಡಿ. ಗಟ್ಟಿ ಕೇಸಾದರೆ ಸಂದಿನುದ್ದಕ್ಕೂ ಉಗುರು ಎಳೆಯಿರಿ. ಪಿಕ್ ಆಡಿದ ಜಾಗದಲ್ಲಿ ಉಗುರು ತಡೆಯುತ್ತದೆ, ಫೆವಿಕ್ವಿಕ್ ಹಾಕಿದ್ದರೆ ಸುತ್ತ ಬಿಳಿ ಮಂಜು ಹಿಡಿದಿರುತ್ತದೆ.